ಲಾಗ್‌ಬುಕ್‌ನಲ್ಲಿ ತೃಪ್ತಿಕರ, ಇನ್ಸ್‌ಪೆಕ್ಷನ್‌ನಲ್ಲಿ ರಿಜೆಕ್ಟ್

ಅಪ್ರೆಂಟಿಸ್ ಆಗಿದ್ದಾಗ ನಾನು ಲೇತ್‌ನಲ್ಲಿ (ಲೋಹವನ್ನು ತಿರುಗಿಸಿ ಕೊರೆಯುವ ಯಂತ್ರ) ಮಾಡಿದ ಒಂದು ಶಾಫ್ಟ್, ಅಂದರೆ ದುಂಡು ಉಕ್ಕಿನ ಕಂಬಿ, ವಾಪಸ್ ಬಂದಿತ್ತು. ಆ ಒಂದು ವರ್ಷದಲ್ಲಿ ಏನು ಕಲಿತೆ ಅಂತ ಯಾರು ಕೇಳಿದರೂ ನನಗೆ ಮೊದಲು ನೆನಪಾಗುವುದು ಅದೇ. ಉಳಿದದ್ದೆಲ್ಲ ಲಾಗ್‌ಬುಕ್‌ನಲ್ಲಿದೆ, ಸಹಿ ಸಮೇತ.

ದೊಡ್ಡ ಕಂಪನಿಗೆ ಸೇರಿದ ಮೊದಲ ವಾರ ಪೂರ್ತಿ ಸುರಕ್ಷತೆಯ ಪಾಠ, ಗುರುತಿನ ಚೀಟಿ, ಕಾಲಿಗೆ ಕಚ್ಚುವ ಸೇಫ್ಟಿ ಶೂ. ಆಮೇಲೆ ಮೂರು ವಾರ ಅರ ಹಿಡಿದು ಉಜ್ಜುವ ಕೆಲಸ. ಕಬ್ಬಿಣದ ತುಂಡನ್ನು ವೈಸ್‌ಗೆ ಬಿಗಿದು ಉಜ್ಜಬೇಕು. ಟ್ರೈಸ್ಕ್ವೇರ್ (ಮೂಲೆಮಟ್ಟ) ಇಟ್ಟು ಬೆಳಕಿಗೆ ಹಿಡಿಯಬೇಕು. ಸಂದಿಯಲ್ಲಿ ಬೆಳಕು ಕಂಡರೆ ಮತ್ತೆ ಉಜ್ಜಬೇಕು. ಈ ಮೂಲೆ ಸರಿ ಮಾಡುವಷ್ಟರಲ್ಲಿ ಆ ಮೂಲೆ ಇಳಿದಿರುತ್ತದೆ. ಡಿಗ್ರಿ ಮುಗಿಸಿ ಬಂದವನಿಗೆ ಇದೇನು ಕೆಲಸ ಅಂತ ಮನಸ್ಸಿನಲ್ಲೇ ಬೈದುಕೊಂಡಿದ್ದೇನೆ. ಆದರೆ ಅಂಗೈಗೆ ಬೊಬ್ಬೆ ಬಂದ ಮೇಲೆ ಡ್ರಾಯಿಂಗ್‌ನಲ್ಲಿ 'ಚಪ್ಪಟೆ' ಅಂತ ಬರೆಯುವ ಮುಂಚೆ ಕೈ ಸ್ವಲ್ಪ ತಡೆಯುತ್ತದೆ. ಅದೂ ಒಂದು ಲಾಭವೇ.

ಹೊಸಬರನ್ನು ಆಟ ಆಡಿಸುವುದೂ ಇತ್ತು. "ಸ್ಟೋರ್‌ಗೆ ಹೋಗಿ ಎಡಗೈ ಸ್ಕ್ರೂಡ್ರೈವರ್ ಇಸ್ಕೊಂಡು ಬಾರಪ್ಪ" ಅಂದರು. ನಾನು ಹೋದೆ. ಕಿಟಕಿಯ ಹಿಂದಿದ್ದವರು ನಗದೆ, ಭಾರಿ ಗಂಭೀರವಾಗಿ, "ಅದು ಬೇರೆಯವರು ತಗೊಂಡು ಹೋಗಿದ್ದಾರೆ, ನಾಳೆ ಬಾ" ಅಂದರು. ನಾಳೆಯೂ ಹೋದೆ! ನನ್ನ ಪರವಾಗಿ ಒಂದು ಮಾತು: ಸೈಕಲ್ಲಿನ ಎಡ ಪೆಡಲ್‌ಗೆ ನಿಜವಾಗಿಯೂ ಎಡಕ್ಕೆ ತಿರುಗಿಸಿ ಬಿಗಿಯುವ ಥ್ರೆಡ್ ಇರುತ್ತದೆ. ಹಾಗಾಗಿ ನಂಬಿದ್ದು ಪೂರ್ತಿ ಪೆದ್ದುತನ ಅಲ್ಲ.

ಅಲ್ಲಿಂದ ಮುಂದೆ ಸುತ್ತಾಟ. ಮೂರು ತಿಂಗಳು ಮಷಿನ್ ಶಾಪ್, ಮೂರು ತಿಂಗಳು ಡಿಸೈನ್, ಮೂರು ತಿಂಗಳು ಕ್ವಾಲಿಟಿ, ಮೂರು ತಿಂಗಳು ಮೆಂಟೆನೆನ್ಸ್. ದೊಡ್ಡ ಕಂಪನಿಗಳು ಇದನ್ನೇ ಹೆಮ್ಮೆಯಿಂದ ಹೇಳಿಕೊಳ್ಳುತ್ತವೆ. ಎಲ್ಲಾ ನೋಡಬಹುದು, ಎಲ್ಲರ ಪರಿಚಯ ಆಗುತ್ತದೆ. ಸುಳ್ಳಲ್ಲ. ಸಣ್ಣ ವರ್ಕ್‌ಶಾಪ್‌ನಲ್ಲಿ ಕಣ್ಣಿಗೂ ಬೀಳದ ಯಂತ್ರಗಳು ಅಲ್ಲಿದ್ದವು. ಒಂದೇ ಕೆಲಸವನ್ನು ಮೂವತ್ತು ವರ್ಷ ಮಾಡಿದವರಿದ್ದರು. ಸಮಸ್ಯೆ ಏನೆಂದರೆ, ಮೂರು ತಿಂಗಳಲ್ಲಿ ನೀನು ಮಾಡಿದ ಕೆಲಸ ಎಲ್ಲಿಗೆ ಹೋಯಿತು, ಅದರ ಗತಿ ಏನಾಯಿತು ಅಂತ ತಿಳಿಯುವ ಮೊದಲೇ ನಿನ್ನನ್ನು ಅಲ್ಲಿಂದ ಎಬ್ಬಿಸಿರುತ್ತಾರೆ. ಜಾಬ್ (ಮಾಡಿದ ತುಂಡು) ಒಂದು ಕಡೆ, ಹುಡುಗ ಇನ್ನೊಂದು ಕಡೆ.

ನನಗೆ ಮಾತ್ರ ಒಂದು ಅದೃಷ್ಟ ಬಂತು. ಮಷಿನ್ ಶಾಪ್‌ನ ಮೂರು ತಿಂಗಳು ಮುಗಿದಾಗ ಡಿಸೈನ್‌ನಲ್ಲಿ ಕೂರಲು ಖಾಲಿ ಜಾಗ ಇರಲಿಲ್ಲ. "ಇನ್ನೆರಡು ವಾರ ಇಲ್ಲೇ ಇರು" ಅಂದರು. ಆ ಎರಡು ವಾರದ ನಡುವೆಯೇ ಶಾಫ್ಟ್ ವಾಪಸ್ ಬಂದದ್ದು.

ಅದರ ಕಥೆ ಹೀಗೆ. 80 ಮಿಮೀ ವ್ಯಾಸ. ಡ್ರಾಯಿಂಗ್ ಪ್ರಕಾರ 79.981ರಿಂದ 80.000ರ ಒಳಗೆ ಬರಬೇಕು. ಅಂದರೆ ಆಟಕ್ಕೆ ಇರುವುದು 19 ಮೈಕ್ರಾನ್ (ಮಿಮೀಯ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್). ನಮ್ಮ ತಲೆಗೂದಲೇ ಸುಮಾರು 70 ಮೈಕ್ರಾನ್ ದಪ್ಪ ಇರುತ್ತದೆ, ಲೆಕ್ಕ ಹಾಕಿ. ಅಂದು ನನಗೆ ಅವಸರ. ರಫಿಂಗ್ (ಒರಟು ಕೊರೆತ) ಮುಗಿಸಿದ ಕೂಡಲೇ ಫಿನಿಶಿಂಗ್ ಕಟ್ (ಕೊನೆಯ ನಯದ ಕೊರೆತ) ಹಾಕಿದೆ. ಜಾಬ್ ಇನ್ನೂ ಬೆಚ್ಚಗಿತ್ತು. ಬೆಚ್ಚಗೆ ಏನು, ಕೈ ಇಟ್ಟರೆ ಬಿಸಿಯೇ. ಡಿಜಿಟಲ್ ಮೈಕ್ರೋಮೀಟರ್ (ಸೂಕ್ಷ್ಮ ಅಳತೆಯ ಸಾಧನ) ಹಿಡಿದೆ. 79.995 ತೋರಿಸಿತು. ಮೂರು ಕಡೆ ಹಿಡಿದೆ, ಮೂರೂ ಕಡೆ ಸರಿ. ಬಿಚ್ಚಿ ಇಟ್ಟೆ. ಸಂಜೆ ಲಾಗ್‌ಬುಕ್ ಬರೆದೆ, ಸೂಪರ್‌ವೈಸರ್ 'ತೃಪ್ತಿಕರ' ಅಂತ ಬರೆದು ಸಹಿ ಹಾಕಿದರು.

ಮೂರನೇ ದಿನ ಶಾಫ್ಟ್ ಕೆಂಪು ಚೀಟಿ ಕಟ್ಟಿಕೊಂಡು ಬಂತು. ಇನ್ಸ್‌ಪೆಕ್ಷನ್ ಅಳತೆ 79.972. ಒಂಬತ್ತು ಮೈಕ್ರಾನ್ ಕಡಿಮೆ. ನಾನು ಮೊದಲು ಅನುಮಾನಪಟ್ಟದ್ದು ಯಾರನ್ನು? ಇನ್ಸ್‌ಪೆಕ್ಟರನ್ನು! ಅವರ ಉಪಕರಣ ಸರಿಯಿಲ್ಲ ಅಂತ ಜೋರಾಗಿಯೇ ಹೇಳಿದೆ.

ಪಕ್ಕದ ಲೇತ್‌ನ ಹಿರಿಯರು ಏನೂ ಬೈಯಲಿಲ್ಲ. ಇನ್ನೊಂದು ಜಾಬ್‌ಗೆ ಕಟ್ ಹಾಕಿ ನಿಲ್ಲಿಸಿದರು. "ಮುಟ್ಟಿ ನೋಡಪ್ಪ" ಅಂದರು. ಮುಟ್ಟಿದೆ. "ಈಗ ಅಳೆ." ಅಳೆದೆ. "ಬರ್ಕೋ. ಊಟ ಮುಗಿಸ್ಕೊಂಡು ಬಂದು ಮತ್ತೆ ಅಳೆ." ಬಂದು ಅಳೆದಾಗ ಅಂಕಿ ಇಳಿದಿತ್ತು. ಯಾರೂ ಅದನ್ನು ಮುಟ್ಟಿರಲಿಲ್ಲ. "ಸಣ್ಣಗಾಗೋದು ನಿನ್ನ ಕಣ್ಣೆದುರಿಗೇ ಆಯ್ತಲ್ಲ ಸಾರ್, ಇನ್ನು ಇನ್ಸ್‌ಪೆಕ್ಟರ್ ಹತ್ರ ಜಗಳ ಬೇಡ" ಅಂದು ತಮ್ಮ ಕೆಲಸಕ್ಕೆ ತಿರುಗಿದರು. ಆ 'ಸಾರ್' ಇನ್ನೂ ಚುಚ್ಚುತ್ತದೆ.

ಇದು ನನಗೆ ಗೊತ್ತಿಲ್ಲದ ವಿಷಯವೇ? ಅಲ್ಲವೇ ಅಲ್ಲ. ಬಿಸಿಗೆ ಲೋಹ ಹಿಗ್ಗುತ್ತದೆ ಅಂತ ಹೈಸ್ಕೂಲಿನಲ್ಲೇ ಬರೆದು ಪೂರ್ತಿ ಅಂಕ ತೆಗೆದಿದ್ದೆ. ಉಕ್ಕು ಒಂದು ಡಿಗ್ರಿಗೆ, ಮೀಟರಿಗೆ ಸುಮಾರು 11.5 ಮೈಕ್ರಾನ್ ಹಿಗ್ಗುತ್ತದೆ. 80 ಮಿಮೀಗೆ ಲೆಕ್ಕ ಹಾಕಿದರೆ ಡಿಗ್ರಿಗೆ ಒಂದು ಮೈಕ್ರಾನ್‌ಗಿಂತ ಚೂರು ಕಡಿಮೆ. 45 ಡಿಗ್ರಿಯಲ್ಲಿ ಅಳೆದದ್ದು 20ಕ್ಕೆ ಇಳಿದರೆ 23 ಮೈಕ್ರಾನ್ ಹೋಯಿತು. 79.995ರಿಂದ 79.972. ಸೂತ್ರ ತಲೆಯಲ್ಲಿತ್ತು, ಬಿಸಿ ಕೈಯಲ್ಲಿತ್ತು. ಎರಡೂ ಒಂದಕ್ಕೊಂದು ಭೇಟಿ ಆಗಿರಲಿಲ್ಲ ಅಷ್ಟೇ.

ಈ 20 ಡಿಗ್ರಿ ಸುಮ್ನೆ ಬಂದದ್ದಲ್ಲ. ಉದ್ದದ ಅಳತೆಗಳಿಗೆ ಇದೇ ತಾಪಮಾನ ಅಂತ ತೂಕ-ಅಳತೆಗಳ ಅಂತರರಾಷ್ಟ್ರೀಯ ಸಮಿತಿ ಒಪ್ಪಿಕೊಂಡದ್ದು 1931ರಲ್ಲಿ. ಅಂತರರಾಷ್ಟ್ರೀಯ ಮಾನದಂಡ ಸಂಸ್ಥೆ ಐಎಸ್‌ಒ 1951ರಲ್ಲಿ ಹೊರಡಿಸಿದ ಮೊಟ್ಟಮೊದಲ ಶಿಫಾರಸೂ ಇದರ ಬಗ್ಗೆಯೇ. ಮುಂದೆ ಕ್ವಾಲಿಟಿಗೆ ಹೋದಾಗ ಅಳತೆ ಕೋಣೆಯಲ್ಲಿ ಜಾಬ್‌ಗಳು ಗಂಟೆಗಟ್ಟಲೆ ಸುಮ್ಮನೆ ಕೂತಿರುವುದನ್ನು ನೋಡಿದೆ. ಕೋಣೆಯ ತಂಪಿಗೆ ಅವು ಹೊಂದಿಕೊಳ್ಳುವವರೆಗೆ ಯಾರೂ ಮುಟ್ಟುವುದಿಲ್ಲ. ಶಾಫ್ಟ್ ವಾಪಸ್ ಬರದೇ ಇದ್ದಿದ್ದರೆ, ಇವರು ಕೆಲಸಗಳ್ಳರು ಅಂತ ತೀರ್ಮಾನ ಮಾಡಿಬಿಡುತ್ತಿದ್ದೆ.

ಹಳೆಯ ಕಾಲವನ್ನು ಹೊಗಳುವ ಚಟ ನನಗಿಲ್ಲ. ಇಂಗ್ಲೆಂಡಿನಲ್ಲಿ 1563ರ ಕಾನೂನು ಕಸಬು ಕಲಿಯಲು ಏಳು ವರ್ಷ ಕಡ್ಡಾಯ ಮಾಡಿತ್ತು. ಅದು ಎಷ್ಟೋ ಕಡೆ ಪುಕ್ಕಟೆ ದುಡಿಮೆಗೆ ದಾರಿಯಾಗಿತ್ತು. ಆದರೆ ಲಂಡನ್ನಿನ ಹಳೆಯ ಕಾಲದ ಯಂತ್ರ ತಯಾರಕ ಹೆನ್ರಿ ಮಾಡ್‌ಸ್ಲೇ ಅವರ ವರ್ಕ್‌ಶಾಪ್ ನನಗೆ ಇಷ್ಟ. ಅವರ ಬಳಿ ತಾವೇ ಮಾಡಿದ ಒಂದು ಮೈಕ್ರೋಮೀಟರ್ ಇತ್ತು. ಅದರ ಅಡ್ಡಹೆಸರು 'ಲಾರ್ಡ್ ಚಾನ್ಸಲರ್', ಅಂದರೆ ದೊಡ್ಡ ನ್ಯಾಯಾಧೀಶ. ಅಳತೆಯ ತಕರಾರು ಬಂದರೆ ಅದರ ತೀರ್ಪೇ ಕೊನೆ. ಸ್ಕ್ರೂ ಥ್ರೆಡ್‌ಗಳಿಗೆ 1841ರಲ್ಲಿ ಒಂದು ಮಾನದಂಡ ಮುಂದಿಟ್ಟ ಜೋಸೆಫ್ ವಿಟ್‌ವರ್ತ್ ಅಲ್ಲಿ ಕೆಲಸ ಮಾಡಿದವರು. ಅಲ್ಲಿ ಮಾಡಿದವನೂ ನ್ಯಾಯಾಧೀಶನೂ ಒಂದೇ ಸೂರಿನಡಿ. ನಮ್ಮಲ್ಲಿ ನಡುವೆ ಎರಡು ಕಟ್ಟಡ, ಒಂದು ಸಾಫ್ಟ್‌ವೇರ್, ಮೂರು ಇಮೇಲ್.

ನನ್ನ ಬೇಡಿಕೆ ದೊಡ್ಡದೇನಲ್ಲ. ನಾಲ್ಕು ವಿಭಾಗದ ಬದಲು ಎರಡೇ ತೋರಿಸಿ. ಒಬ್ಬ ಅಪ್ರೆಂಟಿಸ್‌ಗೆ ಒಂದು ಜಾಬ್ ಕೊಟ್ಟು, ಡ್ರಾಯಿಂಗ್‌ನಿಂದ ಅಸೆಂಬ್ಲಿವರೆಗೆ ಅದರ ಹಿಂದೆಯೇ ಓಡಾಡಲು ಬಿಡಿ. ಅದೂ ಆಗದಿದ್ದರೆ, ಕೆಂಪು ಚೀಟಿಯ ಒಂದು ಪ್ರತಿಯನ್ನಾದರೂ ಅವನು ಯಾವ ವಿಭಾಗದಲ್ಲಿದ್ದಾನೋ ಅಲ್ಲಿಗೆ ಕಳಿಸಿ. ಅವಮಾನ ಮಾಡಲು ಅಲ್ಲ. ನನಗಂತೂ ಆ ವರ್ಷ ಅವಮಾನಕ್ಕಿಂತ ಜಾಸ್ತಿ ಕಾಡಿದ್ದು, ನಾನಿದ್ದರೂ ಇಲ್ಲದಿದ್ದರೂ ಇಲ್ಲಿ ಏನೂ ಬದಲಾಗುವುದಿಲ್ಲ ಅನ್ನುವ ಭಾವನೆ. ಕೆಂಪು ಚೀಟಿಯ ಮೇಲೆ ನನ್ನ ಹೆಸರು ಇತ್ತು. ಅಷ್ಟು ದೊಡ್ಡ ಜಾಗದಲ್ಲಿ ಹಾಜರಿ ಬಿಟ್ಟರೆ ನನ್ನ ಹೆಸರು ಇದ್ದದ್ದು ಅದೊಂದರಲ್ಲೇ.

ಈಗ ಸೇರುತ್ತಿರುವವರು ನೀವಾಗಿಯೇ ಕೇಳಿ, ಇದು ಇಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ. ಊಟದ ಹೊತ್ತಿನಲ್ಲಿ ಅಲ್ಲಿಗೇ ನಡೆದು ಹೋಗಿ ನೋಡಿ. ಗೇಟ್ ಪಾಸ್ ಕೇಳುವುದಿಲ್ಲ, ಒಳಗೇ ತಾನೆ.

ಆ ಶಾಫ್ಟ್ ಅನ್ನು ಸ್ಕ್ರ್ಯಾಪ್‌ಗೆ ಎಸೆಯಲಿಲ್ಲ. ಹಿರಿಯರು ಅದನ್ನು ಸಣ್ಣದು ಮಾಡಿ ಯಾವುದೋ ಫಿಕ್ಸ್ಚರ್‌ಗೆ (ಜಾಬ್ ಹಿಡಿದಿಡುವ ಸಾಧನ) ಬಳಸುತ್ತೇನೆ ಅಂತ ಬೆಂಚಿನ ಕೆಳಗೆ ಇಟ್ಟುಕೊಂಡರು. ಲಾಗ್‌ಬುಕ್‌ನಲ್ಲಿ 'ತೃಪ್ತಿಕರ' ಅನ್ನುವುದರ ಕೆಳಗೆ ನಾನೇ ಪೆನ್ಸಿಲ್‌ನಲ್ಲಿ 79.972 ಅಂತ ಬರೆದುಕೊಂಡೆ. ಸೋಮವಾರ ಡಿಸೈನ್‌ನಲ್ಲಿ ಒಂದು ಕುರ್ಚಿ ಖಾಲಿಯಾಯಿತು.