ನ್ಯೂಯಾರ್ಕ್ ತನಕ ಬಂದಿದ್ದು ಯುಂಕರ್ಸ್ 390 ವಿಮಾನವೇ?

ಪರ: ದಾಖಲೆಗಳು ತಾಳೆಯಾಗದಿದ್ದರೆ ವಿಮಾನವೇ ಸುಳ್ಳೇ?

ಚರ್ಚೆಯಲ್ಲಿ ಈ ಪಕ್ಷ ನನ್ನ ಪಾಲಿಗೆ ಬಂದಿದೆ, ವಾದಿಸುತ್ತೇನೆ. 1944ರಲ್ಲಿ ಜರ್ಮನ್ ಯುದ್ಧಕೈದಿಗಳ ಮಾತು ಆಧರಿಸಿ ಬ್ರಿಟಿಷ್ ಗುಪ್ತಚರರು ಬರೆದಿಟ್ಟ ಕಥೆ ಇದು. ಆ ವರ್ಷದ ಆರಂಭದಲ್ಲಿ ಜರ್ಮನಿಯ ಆರು ಎಂಜಿನ್ನಿನ ದೊಡ್ಡ ವಿಮಾನ ಯುಂಕರ್ಸ್ 390 ಫ್ರಾನ್ಸ್‌ನ ಮೋಂ-ದ-ಮಾರ್ಸಾಂನಿಂದ ಹೊರಟು, ನ್ಯೂಯಾರ್ಕ್ ಬಳಿಯ ತೀರದ ಹತ್ತಿರ ಹೋಗಿ ವಾಪಸ್ ಬಂತಂತೆ.

ಇಂಥ ವಿಮಾನಗಳು ಎಷ್ಟಿದ್ದವು? ಅಲ್ಲೇ ಗೊಂದಲ. ಹಾರಿದ್ದು ಒಂದೇ ಎಂದು ಟೆಸ್ಟ್ ಪೈಲಟ್ ಪಾಂಕೆರ್ಟ್ಸ್ ಹೇಳಿದ. 1945ರ ಫೆಬ್ರವರಿಯಲ್ಲಿ ಜರ್ಮನಿಯ ವಿಮಾನ ಪರೀಕ್ಷಾ ಕೇಂದ್ರ ರೆಕ್ಲಿನ್‌ನಲ್ಲಿ ಎರಡನೆಯದನ್ನು ಹಾರಿಸಿದ್ದಾಗಿ ಇನ್ನೊಬ್ಬ ಪೈಲಟ್‌ನ ಲಾಗ್‌ಬುಕ್ ಹೇಳುತ್ತದೆ. ಎರಡನೆಯದು ಇದ್ದರೆ, ಮೊದಲನೆಯದು ಆಗ ಬೇರೆ ಕಡೆ ಇತ್ತು ಎಂಬ ವಾದಕ್ಕೆ ಏನು ಬೆಲೆ?

ನಮ್ಮಜ್ಜನ ಹೆಸರು ಪಹಣಿಯಲ್ಲಿ ಒಂದು, ರೇಷನ್ ಕಾರ್ಡಿನಲ್ಲಿ ಇನ್ನೊಂದು, ವೋಟರ್ ಲಿಸ್ಟಿನಲ್ಲಿ ಮತ್ತೊಂದು. ಖಾತೆ ಬದಲಾವಣೆಗೆ ಹೋದರೆ ಗುಮಾಸ್ತರು, "ಇವರಲ್ಲಿ ನಿಮ್ಮಜ್ಜ ಯಾರ್ರೀ?" ಎಂದು ಕೇಳಿದರು. ಅಪ್ಪ ಅಫಿಡವಿಟ್ ಮಾಡಿಸಿದರು, ಊರ ಹಿರಿಯರ ಸಹಿ ಹಾಕಿಸಿದರು. ಆಮೇಲೂ ಫೈಲು ಮೇಜಿನಿಂದ ಮೇಜಿಗೆ ಅಲೆಯಿತು. ಆದರೆ ಅಜ್ಜ ಇರಲೇ ಇಲ್ಲ ಎಂದು ಯಾರೂ ಹೇಳಲಿಲ್ಲ. ವಿಮಾನದ ವಿಷಯದಲ್ಲಿ ನನಗೆ ಅಷ್ಟು ಧೈರ್ಯವಿಲ್ಲ. ಆದರೂ ಸುಮ್ನೆ ತಳ್ಳಿಹಾಕುವುದು ಬೇಡ.

ವಿರೋಧ: ಮೊದಲು ಇಂಧನದ ಲೆಕ್ಕ ಕೊಡಿ

ಅಜ್ಜನ ಕಥೆ ಚೆನ್ನಾಗಿದೆ. ಆದರೆ ಅಜ್ಜ ಅಟ್ಲಾಂಟಿಕ್ ದಾಟಬೇಕಿರಲಿಲ್ಲ, ಅಲ್ವಾ?

ಮೋಂ-ದ-ಮಾರ್ಸಾಂನಿಂದ ನ್ಯೂಯಾರ್ಕ್‌ಗೆ ಹೋಗಿಬರಲು 11,000 ಕಿಲೋಮೀಟರಿಗಿಂತ ಜಾಸ್ತಿ. ಅಷ್ಟು ಇಂಧನ ತುಂಬಿದರೆ ವಿಮಾನದ ತೂಕ ಸುಮಾರು 72 ಟನ್ ಆಗುತ್ತದೆ ಎಂದು ವಿಮಾನ ಇತಿಹಾಸಕಾರರು ಲೆಕ್ಕ ಹಾಕಿದ್ದಾರೆ. ಪರೀಕ್ಷೆಗಳಲ್ಲಿ ಮೊದಲ ವಿಮಾನ ಮೇಲೇರಿದಾಗಿನ ಒಟ್ಟು ತೂಕ ಹೆಚ್ಚುಕಮ್ಮಿ ಅದರ ಅರ್ಧ. ಇಂಧನ ಎಲ್ಲಿತ್ತು? ಪೈಲಟ್‌ನ ಜೇಬಿನಲ್ಲೇ?

ತಾರೀಖು ನೋಡಿ. ಆ ವಿಮಾನ ಮೊದಲು ಹಾರಿದ್ದು 1943ರ ಅಕ್ಟೋಬರ್ 20ರಂದು. ನವೆಂಬರ್ ಕೊನೆಯಿಂದ 1944ರ ಮಾರ್ಚ್ ತನಕ ಅದು ಪ್ರಾಗ್‌ನಲ್ಲಿ ಪರೀಕ್ಷೆಯಲ್ಲಿತ್ತು. ಹಾರುತ್ತಿರುವಾಗಲೇ ಇಂಧನ ತುಂಬಿಸುವ ಪ್ರಯೋಗವೂ ಅಲ್ಲೇ. ರೆಕ್ಲಿನ್ ಲಾಗ್‌ಬುಕ್ಕೇ? ಅದು ಫ್ರಾನ್ಸ್ ಜರ್ಮನರ ಕೈತಪ್ಪಿದ ಮೇಲಿನ ಮಾತು. ಅದನ್ನು ಹಿಡಿದುಕೊಂಡು ನ್ಯೂಯಾರ್ಕ್ ತಲುಪುವವರು ನಾಳೆ ಚಂದ್ರನನ್ನೂ ತಲುಪುತ್ತಾರೆ, ಬಿಡಿ.

ಕಥೆ ಹೇಗೆ ಬಣ್ಣ ಬದಲಿಸಿತು ಗೊತ್ತೇ? 1955ರಲ್ಲಿ ಬ್ರಿಟಿಷ್ ವಿಮಾನ ಪತ್ರಿಕೆಯೊಂದರಲ್ಲಿ ಬಂದ ಪತ್ರದ ಪ್ರಕಾರ ಹೋಗಿದ್ದು ಎರಡು ವಿಮಾನ, ನ್ಯೂಯಾರ್ಕ್ ಮೇಲೆ ಒಂದು ಗಂಟೆ ಸುತ್ತಾಟ. ಮರುವರ್ಷ ಎರಡು ಹೋಗಿ ಒಂದಾಯಿತು. ನಗರದ ಮೇಲಿದ್ದದ್ದು ತೀರದಿಂದ 19 ಕಿಲೋಮೀಟರ್ ಆಚೆಗೆ ಸರಿಯಿತು. ಸಾಕ್ಷಿ ಹೀಗೆ ಮಾತು ಬದಲಿಸಿದರೆ ನಮ್ಮ ಪಂಚಾಯ್ತಿ ಕಟ್ಟೆಯಲ್ಲೂ ಒಪ್ಪುವುದಿಲ್ಲ. ಇಂಧನದ ಲೆಕ್ಕವಂತೂ ಇನ್ನೂ ಬಾಕಿ ಇದೆ.

ಮೋಂ-ದ-ಮಾರ್ಸಾಂನಲ್ಲಿ ದೂರ ಗಸ್ತಿನ ತುಕಡಿಯೊಂದು ಇದ್ದದ್ದು ನಿಜ. ಅದರ ವಿಮಾನ ಯುಂಕರ್ಸ್ 290, ನಾಲ್ಕು ಎಂಜಿನ್ನಿನದು. ಜಲಾಂತರ್ಗಾಮಿಗಳಿಗಾಗಿ ಅಟ್ಲಾಂಟಿಕ್‌ನಲ್ಲಿ ಹಡಗು ಹುಡುಕುವುದು ಅದರ ಕೆಲಸ. 390 ಅಂದರೆ ಅದನ್ನೇ ಉದ್ದ ಮಾಡಿ ಎರಡು ಎಂಜಿನ್ ಸೇರಿಸಿದ್ದು. ನನ್ನ ಪ್ರಕಾರ ಕೈದಿಗಳು ಹೇಳಿದ್ದು ಈ 290ರ ಸುದ್ದಿಯನ್ನೇ, ಬಾಯಿಂದ ಬಾಯಿಗೆ ಬರುವಷ್ಟರಲ್ಲಿ ಎಂಜಿನ್ನೂ ದೂರವೂ ಬೆಳೆದವು.