ಚಪ್ಪಲಿ ಹೊರಗೆ, ಕೈ ಒಳಗೆ

ಹಾಸನದ ಕಡೆಯ ಒಂದು ಆಸ್ಪತ್ರೆ. ಹೆಸರು ಬೇಡ, ನಮ್ಮದೇ ಇರಬೇಕು ಅಂತ ಯಾರಿಗಾದರೂ ಅನ್ನಿಸಿದರೆ ಅವರದ್ದೇ. ಅಲ್ಲಿನ ಐಸಿಯು ಬಾಗಿಲಲ್ಲಿ ಒಬ್ಬ ಸೆಕ್ಯೂರಿಟಿ. ಅವನಿಗೆ ಕೆಲಸ ಒಂದೇ: "ಅಣ್ಣೋ, ಚಪ್ಪಲಿ ಅಲ್ಲೇ ಬಿಡಣ್ಣೋ!"

ಅಣ್ಣ ಬಿಟ್ಟ. ಅರಸೀಕೆರೆ ಬಸ್ಸಿನ ಕಂಬಿ, ಕಂಡಕ್ಟರ್ ಕೊಟ್ಟ ಚಿಲ್ಲರೆ, ಮೊಬೈಲು, ಮೂಗು, ಎಲ್ಲವನ್ನೂ ಮುಟ್ಟಿ ಬಂದ ಕೈಯನ್ನು ಮಾತ್ರ ಯಾರೂ ಕೇಳಲಿಲ್ಲ. ಅದೇ ಕೈಯಲ್ಲಿ ಅಜ್ಜಿಯ ಗಲ್ಲ ಸವರಿದ, ಡ್ರಿಪ್ ನಳಿಗೆಯನ್ನು ಒಂಚೂರು ಸರಿಮಾಡಿದ, ಮಂಚದ ಕಂಬಿ ಹಿಡಿದು ಕಣ್ಣೊರೆಸಿಕೊಂಡ. ಕ್ಲೆಬ್ಸಿಯೆಲ್ಲಾ, ಅಸಿನೆಟೋಬ್ಯಾಕ್ಟರ್ ಮುಂತಾದ ಬ್ಯಾಕ್ಟೀರಿಯಾ ಮಹನೀಯರು ಒಂದು ಮಂಚದಿಂದ ಇನ್ನೊಂದಕ್ಕೆ ಓಡಾಡುವುದು ಹೆಚ್ಚಾಗಿ ಕೈ ಮೇಲೆ ಕೂತೇ. ಸೆಕ್ಯೂರಿಟಿಯ ಕಣ್ಣು ಪಾದ ಬಿಟ್ಟು ಮೇಲೇಳುವುದಿಲ್ಲ.

ಒಳಗಿರುವವರದ್ದು ಇನ್ನೊಂದು ಕಥೆ. ಅಟೆಂಡರ್ ಬೆಳಿಗ್ಗೆ ಹಾಕಿದ ಗ್ಲೌಸ್ ಮಧ್ಯಾಹ್ನದವರೆಗೂ ಬಿಚ್ಚುವುದಿಲ್ಲ. ಮೂರನೇ ಮಂಚದ ಮೂತ್ರದ ಚೀಲ ಖಾಲಿ ಮಾಡಿ, ಅದರಲ್ಲೇ ಏಳನೇ ಮಂಚದವರ ದಿಂಬು ಸರಿಮಾಡಿ, ಅದರಲ್ಲೇ ಫೋನ್ ಎತ್ತಿ "ಊಟ ಆಯ್ತಾ?" ಗ್ಲೌಸ್ ಅವನ ಕೈಯನ್ನಂತೂ ಚೆನ್ನಾಗಿ ಕಾಪಾಡಿದೆ.

ಗೋಡೆ ಮೇಲೆ ಲ್ಯಾಮಿನೇಟ್ ಮಾಡಿದ ಪೋಸ್ಟರ್ ಉಂಟು. ರೋಗಿಯನ್ನು ಮುಟ್ಟುವ ಮುಂಚೆ, ಮುಟ್ಟಿದ ಮೇಲೆ, ನಳಿಗೆ ಹಾಕುವ ಮುಂಚೆ, ರಕ್ತ-ಮೂತ್ರ ತಾಗಿದ ಮೇಲೆ, ಮಂಚ-ಮೇಜು ಮುಟ್ಟಿದ ಮೇಲೆ ಕೈ ಶುಚಿ ಮಾಡಿ ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಐದು ಸಂದರ್ಭ. ಅದರ ಕೆಳಗಿನ ನಲ್ಲಿ ತಿರುಗಿಸಿದರೆ ಕೆಮ್ಮುತ್ತದೆ. ಸ್ಯಾನಿಟೈಸರ್ ಬಾಟಲಿಯನ್ನು ಮಂಚಕ್ಕೆ ಸರಪಳಿ ಹಾಕಿ ಬಿಗಿದಿದ್ದಾರೆ, ಕಳ್ಳರ ಭಯ. ಬಾಟಲಿ ಖಾಲಿ. ಸೋಪಿನ ದರ್ಶನವೂ ಹಾಸನಾಂಬೆಯ ದರ್ಶನದಂತೆ ವರ್ಷಕ್ಕೊಮ್ಮೆ, ಪರಿಶೀಲನಾ ತಂಡ ಬರುವ ವಾರ. ಇಡೀ ವಾರ್ಡಿಗೆ ಒಬ್ಬರೇ ಇರುವ ಸಿಸ್ಟರನ್ನು ಬೈದು ಏನು ಬಂತು? ಸ್ಯಾನಿಟೈಸರ್ ಉಜ್ಜುವುದಕ್ಕೆ 20-30 ಸೆಕೆಂಡ್ ಸಾಕು ಎನ್ನುತ್ತಾರೆ. ಉಜ್ಜುವುದಕ್ಕೆ ಏನಾದರೂ ಇದ್ದರೆ ತಾನೇ.

1847ರಲ್ಲಿ ವಿಯೆನ್ನಾದ ಆಸ್ಪತ್ರೆಯೊಂದರ ವೈದ್ಯ ಸೆಮ್ಮೆಲ್‌ವೈಸ್, ಶವ ಕೊಯ್ದ ಕೈಯಲ್ಲೇ ಹೆರಿಗೆ ಮಾಡಿಸಲು ಬರುತ್ತಿದ್ದ ವೈದ್ಯರಿಗೆ ಕ್ಲೋರಿನ್ ನೀರಲ್ಲಿ ಕೈ ತೊಳೆಸಿದ. ಆ ಏಪ್ರಿಲ್‌ನಲ್ಲಿ ನೂರಕ್ಕೆ 18ರಷ್ಟಿದ್ದ ಬಾಣಂತಿಯರ ಸಾವು ಕೆಲವೇ ತಿಂಗಳಲ್ಲಿ 2ರ ಆಸುಪಾಸಿಗೆ ಇಳಿಯಿತು. ವೈದ್ಯರಿಗೆ ಸಿಟ್ಟು ಬಂತು, ಅವನ ಕೆಲಸ ಹೋಯಿತು. ನಾವು ಅಷ್ಟು ಕಟುಕರಲ್ಲ. ಅವನ ಮಾತಿಗೆ ಲ್ಯಾಮಿನೇಷನ್ ಮಾಡಿಸಿದ್ದೇವೆ.

ನಮ್ಮಂಥ ದೇಶಗಳಲ್ಲಿ ಆಸ್ಪತ್ರೆ ಸೇರಿದ ನೂರರಲ್ಲಿ 15 ಮಂದಿಗೆ ಅಲ್ಲೇ ಹೊಸ ಸೋಂಕು ತಗಲುತ್ತದೆಂದು ಪೋಸ್ಟರಿನ ಅದೇ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿತು. ಕೈ ಮುರಿದು ಸೇರಿದವನಿಗೆ ಮೂತ್ರದ ಸೋಂಕು ಉಚಿತ. ಆ್ಯಂಟಿಬಯಾಟಿಕ್ಕಿಗೆ ಮಾತ್ರ ಬಿಲ್ ಬೇರೆ. ಮೂತ್ರಕ್ಕೆ ಹಾಕಿದ ಈ ನಳಿಗೆ, ಅಂದರೆ ಕ್ಯಾಥೆಟರ್, ಇನ್ನೂ ಬೇಕೇ ಎಂದು ದಿನಕ್ಕೊಮ್ಮೆ ಕೇಳಿದ್ದರೆ ಅರ್ಧ ಬಿಲ್ಲಾದರೂ ಉಳಿಯುತ್ತಿತ್ತೇನೋ.

ಮೊನ್ನೆ ಪರಿಶೀಲನಾ ತಂಡ ಬಂತು. ಫಿನಾಯಿಲ್ ಘಮ, ಹೊಸ ಪರದೆ, ತುಂಬಿದ ಬಾಟಲಿಗಳು. ತಂಡದವರು ಚಪ್ಪಲಿ ಬಿಟ್ಟು ಒಳಗೆ ಬಂದರು, ಮಂಚ ಮಂಚಕ್ಕೂ ನಿಂತು ರೋಗಿಗಳ ಕೈ ಹಿಡಿದು "ಹೇಗಿದ್ದೀರಿ?" ಎಂದರು, ರಿಜಿಸ್ಟರಿನಲ್ಲಿ "ತೃಪ್ತಿಕರ" ಎಂದು ಬರೆದು ಹೋಟೆಲಿಗೆ ಊಟಕ್ಕೆ ಹೊರಟರು. ಅಲ್ಲಿ ಊಟ ಮುಗಿಯುತ್ತಿದ್ದಂತೆ ಕೈ ತೊಳೆಯಲು ಒಬ್ಬೊಬ್ಬರಿಗೂ ಒಂದೊಂದು ಬಟ್ಟಲು ಬಿಸಿನೀರು ಬಂತು, ನಿಂಬೆಹೋಳು ಸಮೇತ.