3 ಮಿಲಿಮೀಟರ್ ಸತ್ಯ

ಭೇದಿಯಿಂದಾಗುವ ನಿರ್ಜಲೀಕರಣಕ್ಕೆ ಕುಡಿಸುವ ಸಕ್ಕರೆ-ಉಪ್ಪಿನ ದ್ರಾವಣವೇ ಓಆರ್‌ಎಸ್. ಓಆರ್‌ಎಸ್ ಅಲ್ಲದ ಸಿಹಿ ಪಾನೀಯವನ್ನು ಓಆರ್‌ಎಸ್ ಎಂದು ಕರೆಯಬಾರದು ಎಂಬ ನಿರ್ಧಾರಕ್ಕೆ ನಮ್ಮ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2025ರ ಅಕ್ಟೋಬರ್‌ನಲ್ಲಿ ಬಂದು ತಲುಪಿತು. ಆ ಆದೇಶವನ್ನು ಎಲ್ಲರೂ ಕೊಂಡಾಡಿದ್ದಾರೆ, ಕೊಂಡಾಡಲಿ. ನನಗೆ ಮಾತ್ರ ಈ ನಿಷೇಧಕ್ಕಿಂತ ಅದರಿಂದ ರದ್ದಾದ ಹಳೆಯ ಅನುಮತಿಯೇ ಹೆಚ್ಚು ರಸವತ್ತಾಗಿ ಕಾಣುತ್ತದೆ. 2022ರ ಏಪ್ರಿಲ್‌ನಲ್ಲಿ ಕೂಡದು ಎಂದಿದ್ದ ಇದೇ ಪ್ರಾಧಿಕಾರ ಜುಲೈ ಹೊತ್ತಿಗೆ ಮನಸ್ಸು ಕರಗಿಸಿಕೊಂಡು, ಹೆಸರಿನ ಹಿಂದೆಯೋ ಮುಂದೆಯೋ ಏನಾದರೂ ಸೇರಿಸಿ ಆ ಮೂರು ಅಕ್ಷರಗಳನ್ನು ಬಳಸಿಕೊಳ್ಳಿ, ಆದರೆ ಈ ಉತ್ಪನ್ನವು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ ಓಆರ್‌ಎಸ್ ಅಲ್ಲ ಎಂಬ ಸೂಚನೆಯನ್ನೂ ಅದೇ ಪೊಟ್ಟಣದ ಮೇಲೆ ಮುದ್ರಿಸಿ ಎಂದು ಅಪ್ಪಣೆ ಕೊಡಿಸಿತ್ತು. ಒಂದೇ ಪೊಟ್ಟಣವು ದಪ್ಪಕ್ಷರದಲ್ಲಿ ಹೌದು ಎಂದೂ ಸಣ್ಣಕ್ಷರದಲ್ಲಿ ಅಲ್ಲ ಎಂದೂ ಹೇಳುತ್ತಿತ್ತು, ಮತ್ತು ಹಾಗೆ ಎರಡನ್ನೂ ಹೇಳಿದ್ದರಿಂದಲೇ ಅದು ಕಾನೂನುಬದ್ಧವಾಗಿತ್ತು.

ಇದನ್ನು ಯಾರೋ ಒಬ್ಬ ಅಧಿಕಾರಿಯ ಅಚಾತುರ್ಯ ಎಂದು ಯಾರೂ ಭಾವಿಸಬಾರದು. ಇದರ ಹಿಂದೆ ಒಂದು ದರ್ಶನವೇ ಇದೆ. ಜಾಹೀರಾತು ಮತ್ತು ಪ್ರತಿಪಾದನೆಗಳ ಕುರಿತು 2018ರಲ್ಲಿ ಹೊರಟು 2019ರ ಜುಲೈನಿಂದ ಜಾರಿಗೆ ಬಂದ ನಿಯಮಾವಳಿಯನ್ನು ಓದಿದವರಿಗೆ ಅದು ಗೊತ್ತಾಗುತ್ತದೆ. ಬ್ರ್ಯಾಂಡಿನ ಹೆಸರಿನಲ್ಲಿ ನೈಸರ್ಗಿಕ, ತಾಜಾ, ಶುದ್ಧ, ಸಾಂಪ್ರದಾಯಿಕ, ಅಸಲಿ ಮುಂತಾದ ವಿಶೇಷಣಗಳಿದ್ದು, ಅವು ಗ್ರಾಹಕನ ದಾರಿ ತಪ್ಪಿಸುವ ಸಂಭವವಿದ್ದರೆ ಏನು ಮಾಡಬೇಕು? ಹೆಸರು ಬದಲಿಸಬೇಕು ಎಂದು ನೀವು ಹೇಳುವಿರಿ, ಏಕೆಂದರೆ ನೀವು ಸಾಮಾನ್ಯರು. ನಿಯಮ ಹೇಳುವುದು ಬೇರೆ: ಹೆಸರು ಇದ್ದಂತೆಯೇ ಇರಲಿ, ಅದಕ್ಕೊಂದು ನಕ್ಷತ್ರ ಚಿಹ್ನೆ ಹಾಕಿ, ಇದು ಬರಿಯ ಬ್ರ್ಯಾಂಡ್ ಹೆಸರು ಅಥವಾ ಟ್ರೇಡ್‌ಮಾರ್ಕ್, ಪದಾರ್ಥದ ನಿಜಸ್ವರೂಪವನ್ನು ಇದು ಸೂಚಿಸುವುದಿಲ್ಲ ಎಂದು 3 ಮಿಲಿಮೀಟರ್‌ಗೆ ಕಡಿಮೆಯಿಲ್ಲದ ಅಕ್ಷರದಲ್ಲಿ ಬರೆಯಿರಿ. ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಎಂದು ನಮ್ಮ ಹಿರಿಯರು ಆ ಬಡಪಾಯಿಯನ್ನು ತಲೆಮಾರುಗಟ್ಟಲೆ ಹಂಗಿಸಿದರಲ್ಲ, ಅದು ಎಂತಹ ಅನ್ಯಾಯ! ಭಟ್ಟರು ಇಂದು ಇದ್ದಿದ್ದರೆ ತಮ್ಮ ಹೆಸರಿನ ತುದಿಗೆ ಒಂದು ನಕ್ಷತ್ರ ಸಿಕ್ಕಿಸಿಕೊಂಡು, ಹೊಸ್ತಿಲ ಪಕ್ಕದಲ್ಲಿ ಮಿಲಿಮೀಟರ್ ಲೆಕ್ಕದ ಅಕ್ಷರಗಳಲ್ಲಿ ಮಜ್ಜಿಗೆಯ ಸಂಗತಿಯನ್ನು ಬರೆಸಿ, ತಲೆಯೆತ್ತಿಕೊಂಡು ಓಡಾಡುತ್ತಿದ್ದರು.

ಸುಳ್ಳು ಹೇಳುವುದು ತಪ್ಪಲ್ಲ, ಸುಳ್ಳಿನ ಪಕ್ಕದಲ್ಲಿ ಸತ್ಯಕ್ಕೆ ಸೂಕ್ತ ಅಳತೆಯ ಜಾಗ ಬಿಡದಿರುವುದು ತಪ್ಪು.

ನಿರ್ಜಲೀಕರಣದ ಮಾತು ಬಂದದ್ದರಿಂದ ಸ್ವಲ್ಪ ಯುರೋಪಿನ ಕಡೆಗೂ ಹೋಗಿಬರಬಹುದು. ಅಲ್ಲಿ ಆರೋಗ್ಯದ ಹೆಸರಿನಲ್ಲಿ ಏನನ್ನೇ ಹೇಳಬೇಕಿದ್ದರೂ 2006ರ ಕಾನೂನಿನ ಪ್ರಕಾರ ಮೊದಲು ವಿಜ್ಞಾನಿಗಳ ಪರೀಕ್ಷೆ ಪಾಸಾಗಬೇಕು. ಸದಸ್ಯ ರಾಷ್ಟ್ರಗಳಿಂದ ಬಂದ ಪ್ರತಿಪಾದನೆಗಳು ಸುಮಾರು 44,000. ಒಂದರಂತೆಯೇ ಇದ್ದ ಇನ್ನೊಂದನ್ನು ಸೇರಿಸಿ, ಸೋಸಿ, ಪರೀಕ್ಷಿಸಿ 2012ರಲ್ಲಿ ಪಟ್ಟಿ ಪ್ರಕಟವಾದಾಗ ಉಳಿದದ್ದು 222. ಈ ನಡುವೆ ಜರ್ಮನಿಯ ಇಬ್ಬರು ಪ್ರಾಧ್ಯಾಪಕರು, ಸಾಕಷ್ಟು ನೀರು ಕುಡಿಯುವುದರಿಂದ ನಿರ್ಜಲೀಕರಣದ ಅಪಾಯ ಕಡಿಮೆಯಾಗುತ್ತದೆ ಎಂದು ನೀರಿನ ಮೇಲೆ ಬರೆಯಲು ಅನುಮತಿ ಕೇಳಿದರು. 2011ರಲ್ಲಿ ಅನುಮತಿ ನಿರಾಕರಿಸಲಾಯಿತು. ಪತ್ರಿಕೆಗಳು ಹೊಟ್ಟೆ ಹುಣ್ಣಾಗುವಷ್ಟು ನಕ್ಕವು. ಅರ್ಜಿಯು ನಿಯಮದ ಚೌಕಟ್ಟಿಗೆ ಹೊಂದುವುದಿಲ್ಲ ಎಂಬ ತಾಂತ್ರಿಕ ಕಾರಣವನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಮರುವರ್ಷದ ಪಟ್ಟಿಯಲ್ಲಿ, ದೇಹ ಮತ್ತು ಬುದ್ಧಿಯ ಸಹಜ ಕಾರ್ಯಗಳಿಗೆ ತಾನು ನೆರವಾಗುತ್ತೇನೆ ಎಂದು ಹೇಳಿಕೊಳ್ಳುವ ಹಕ್ಕು ನೀರಿಗೆ ಸಿಕ್ಕಿತು, ಅದೂ ದಿನಕ್ಕೆ ಕನಿಷ್ಠ 2 ಲೀಟರ್ ಕುಡಿಯಬೇಕೆಂಬ ಷರತ್ತಿನ ಮೇಲೆ. (ಅಲ್ಲಿಯೂ ಎಲ್ಲವೂ ಸರಿಯಿದೆ ಎಂದಲ್ಲ. ಗಿಡಮೂಲಿಕೆಗಳ ಸುಮಾರು 2,000 ಪ್ರತಿಪಾದನೆಗಳನ್ನು ತೀರ್ಪು ಕೊಡದೆ ಬದಿಗಿಟ್ಟುಬಿಟ್ಟರು.) ಬರಿಯ ನೀರು ನಿರ್ಜಲೀಕರಣದ ಮಾತೆತ್ತಲು ಆ ಖಂಡದಲ್ಲಿ ಅನುಮತಿ ಸಿಗಲಿಲ್ಲ. ಇಲ್ಲಿ ಸಕ್ಕರೆ ನೀರು ನಿರ್ಜಲೀಕರಣದ ಔಷಧದ ಹೆಸರನ್ನೇ ಹೊತ್ತುಕೊಂಡು ಔಷಧದಂಗಡಿಯಲ್ಲಿ ವರ್ಷಗಟ್ಟಲೆ ಕುಳಿತಿತ್ತು. ಉದ್ಯಮಸ್ನೇಹಿ ವಾತಾವರಣ ಎಂದರೆ ಇದು.

ಪ್ರಾಧಿಕಾರವು ಕಠಿಣವಾಗಿ ನಡೆದುಕೊಂಡ ಉದಾಹರಣೆಗಳೂ ಇವೆ, ಅವನ್ನು ಮರೆಮಾಚುವುದು ಕೃತಘ್ನತೆಯಾಗುತ್ತದೆ. ಸಾಂದ್ರೀಕರಿಸಿದ ಹಣ್ಣಿನ ರಸಕ್ಕೆ ಮತ್ತೆ ನೀರು ಬೆರೆಸಿ ತಯಾರಿಸಿದ ಪಾನೀಯದ ಮೇಲೆ 'ನೂರಕ್ಕೆ ನೂರು ಹಣ್ಣಿನ ರಸ' ಎಂದು ಬರೆಯಬಾರದು ಎಂದು 2024ರ ಜೂನ್‌ನಲ್ಲಿ ಆದೇಶ ಹೊರಟಿತು. ಆದೇಶವು ತಕ್ಷಣದಿಂದ ಜಾರಿ. ಆದರೆ ಈಗಾಗಲೇ ಮುದ್ರಿಸಿದ ಪೊಟ್ಟಣಗಳನ್ನು ಬಿಸಾಡುವುದು ಪಾಪವಲ್ಲವೇ? ಹಾಗಾಗಿ ಅವು ಮುಗಿಯುವವರೆಗೆ ಸೆಪ್ಟೆಂಬರ್ 1ರ ಗಡುವು, ಆಮೇಲೆ ಡಿಸೆಂಬರ್ 31ರ ಗಡುವು. ತಪ್ಪು ಮಾಹಿತಿ ಎಂದು ಸರ್ಕಾರವೇ ಒಪ್ಪಿಕೊಂಡ ಮೇಲೆಯೂ, ದಾಸ್ತಾನು ಖಾಲಿಯಾಗುವವರೆಗೆ ಅದನ್ನು ಜನರಿಗೆ ಕುಡಿಸಬಹುದು ಎಂಬ ಈ ಮಿತವ್ಯಯವನ್ನು ನಮ್ಮ ಪಠ್ಯಪುಸ್ತಕಗಳಲ್ಲಿ ಸೇರಿಸಬೇಕು.

ಅದೇ ವರ್ಷದ ಆಗಸ್ಟ್ 21ರಂದು, ಹಾಲು ಮತ್ತು ತುಪ್ಪದ ಮೇಲೆ ಎ1, ಎ2 (ಹಾಲಿನ ಪ್ರೋಟೀನಿನ ಎರಡು ಬಗೆಗಳು) ಎಂದು ಬರೆದು ಮಾರುವುದು ದಾರಿ ತಪ್ಪಿಸುವಂಥದ್ದು, ಅದನ್ನು ತೆಗೆಯಿರಿ ಎಂದು ಪ್ರಾಧಿಕಾರ ಗುಡುಗಿತು. ಆಗಸ್ಟ್ 26ರಂದು ಆ ಸೂಚನೆಯನ್ನು ಹಿಂದಕ್ಕೆ ಪಡೆಯಿತು. ಸಂಬಂಧಪಟ್ಟವರೊಡನೆ ಇನ್ನಷ್ಟು ಸಮಾಲೋಚನೆ ಬೇಕಂತೆ. ಐದು ದಿನಗಳಲ್ಲಿ ಹಾಲು ಬದಲಾಗಲಿಲ್ಲ, ಹಸು ಬದಲಾಗಲಿಲ್ಲ. ಸಂಬಂಧಪಟ್ಟವರು ಯಾರು ಎಂಬುದು ಮಾತ್ರ ಬಹುಶಃ ಸ್ಪಷ್ಟವಾಯಿತು.

ಕಂಪನಿಗಳಲ್ಲಿ ನಿಯಮಪಾಲನೆಗೆಂದೇ ಒಂದು ವಿಭಾಗವಿರುತ್ತದೆ, ಅಲ್ಲಿನವರ ಪ್ರತಿಭೆಗೆ ನಾನು ತಲೆಬಾಗುತ್ತೇನೆ. ಆಹಾರವು ರೋಗವನ್ನು ತಡೆಯುತ್ತದೆ, ಗುಣಪಡಿಸುತ್ತದೆ ಎಂದು ಹೇಳುವಂತಿಲ್ಲ. ಆದ್ದರಿಂದ ಅದು ಈಗ ರೋಗನಿರೋಧಕ ಶಕ್ತಿಗೆ ಬೆಂಬಲ ನೀಡುತ್ತದೆ, ದೂರದಿಂದ, ನೈತಿಕವಾಗಿ. ಸಮತೋಲಿತ ಆಹಾರ ಮತ್ತು ನಿಯಮಿತ ವ್ಯಾಯಾಮದ ಜೊತೆಗೆ ಸೇವಿಸಿದಾಗ ಹೃದಯಕ್ಕೆ ಒಳ್ಳೆಯದು ಎಂದು ಇನ್ನೊಂದು ಡಬ್ಬಿ ಹೇಳುತ್ತದೆ, ಸಮತೋಲಿತ ಆಹಾರ ಮತ್ತು ನಿಯಮಿತ ವ್ಯಾಯಾಮ ಇರುವವನಿಗೆ ಆ ಡಬ್ಬಿಯನ್ನು ತೆರೆಯದೆಯೇ ಅದೇ ಫಲ ದೊರೆಯುತ್ತದೆ ಎಂಬುದನ್ನು ಹೇಳಲು ಅಲ್ಲಿ ಸ್ಥಳಾಭಾವ. ಸಸ್ಯಜನ್ಯ ಎಣ್ಣೆಗಳು ತಮ್ಮಲ್ಲಿ ಕೊಲೆಸ್ಟ್ರಾಲ್ ಇಲ್ಲವೆಂದು ಎದೆಯುಬ್ಬಿಸಿ ಸಾರುತ್ತ ಬಂದಿವೆ, ಯಾವ ಸಸ್ಯದ ಎಣ್ಣೆಯಲ್ಲಿ ಅದು ಲೆಕ್ಕಕ್ಕೆ ಬರುವಷ್ಟು ಇತ್ತು ಎಂದು ಕೇಳುವವರಿಲ್ಲ. 'ಆರೋಗ್ಯ ಪೇಯ' ಎಂಬ ವರ್ಗವೇ ನಮ್ಮ ಕಾನೂನಿನಲ್ಲಿ ಇಲ್ಲವೆಂಬ ಸಂಗತಿ 2024ರ ಏಪ್ರಿಲ್‌ನಲ್ಲಿ ಬೆಳಕಿಗೆ ಬಂದು, ಆನ್‌ಲೈನ್ ಅಂಗಡಿಗಳು ಆ ಹೆಸರಿನ ಕಪಾಟುಗಳನ್ನು ಖಾಲಿ ಮಾಡಬೇಕಾಗಿ ಬಂದಾಗ, ತಲೆಮಾರುಗಳನ್ನು ಬೆಳೆಸಿದ ಹಾರ್ಲಿಕ್ಸ್ ತನ್ನ ವರ್ಗದ ಹೆಸರನ್ನು 'ಫಂಕ್ಷನಲ್ ನ್ಯೂಟ್ರಿಷನಲ್ ಡ್ರಿಂಕ್' ಎಂದು ಬದಲಿಸಿಕೊಂಡಿತು. ಅದರ ಅರ್ಥವೇನೆಂದು ತಿಳಿಯದ ಗ್ರಾಹಕ ಇನ್ನು ದಾರಿ ತಪ್ಪುವ ಸಂಭವವಿಲ್ಲ.

ಇಷ್ಟರವರೆಗೆ ನಗಬಹುದು. ಓಆರ್‌ಎಸ್ ವಿಷಯಕ್ಕೆ ಮರಳಿದರೆ ನಗು ಬರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲಿ ಒಂದು ಲೀಟರ್ ನೀರಿಗೆ ಗ್ಲೂಕೋಸ್ 13.5 ಗ್ರಾಂ, ಉಪ್ಪು 2.6 ಗ್ರಾಂ. ಈ ಅಳತೆಯನ್ನು ಯಾರೂ ರುಚಿ ನೋಡಿ ನಿರ್ಧರಿಸಿದ್ದಲ್ಲ. ಕರುಳು ಉಪ್ಪನ್ನೂ ಅದರ ಹಿಂದೆ ನೀರನ್ನೂ ಒಳಗೆ ಎಳೆದುಕೊಳ್ಳಲು ಬೇಕಾದಷ್ಟೇ ಸಕ್ಕರೆ ಅದರಲ್ಲಿದೆ. ಅದಕ್ಕಿಂತ ಹಲವು ಪಟ್ಟು ಸಕ್ಕರೆ ಹಾಕಿದರೆ ಎಲ್ಲವೂ ತಿರುಗುಮುರುಗಾಗಿ, ಮೈಯಲ್ಲಿರುವ ನೀರೇ ಕರುಳಿಗೆ ಹರಿದು ಭೇದಿ ಹೆಚ್ಚುತ್ತದೆ. ರಾತ್ರಿ ಹತ್ತು ಗಂಟೆಗೆ, ಬಸವಳಿದ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಔಷಧದಂಗಡಿಗೆ ಓಡಿಬಂದ ತಾಯಿ ಓಆರ್‌ಎಸ್ ಕೊಡಿ ಎನ್ನುತ್ತಾಳೆ. ಅಂಗಡಿಯವನು ಆ ಹೆಸರಿರುವ ಪೊಟ್ಟಣವನ್ನು ಕೊಡುತ್ತಾನೆ. ಅವಳು ಇಂಗ್ಲಿಷಿನ ಸಣ್ಣಕ್ಷರವನ್ನು ಓದಬೇಕಿತ್ತು ಎಂಬುದು ಸರ್ಕಾರದ ನಿರೀಕ್ಷೆಯಾಗಿತ್ತು. ಹೈದರಾಬಾದಿನ ಮಕ್ಕಳ ತಜ್ಞೆ ಡಾ. ಶಿವರಂಜನಿ ಸಂತೋಷ್ ಇದನ್ನು ಸುಮಾರು ಎಂಟು ವರ್ಷ ಕೂಗಿ ಹೇಳಬೇಕಾಯಿತು, ಪತ್ರ ಬರೆಯಬೇಕಾಯಿತು, ನ್ಯಾಯಾಲಯಕ್ಕೆ ಹೋಗಬೇಕಾಯಿತು. ಔಷಧದ ಹೆಸರಿನಲ್ಲಿ ಸಕ್ಕರೆ ನೀರನ್ನು ಮಾರಬಾರದು ಎಂಬ ವಾಕ್ಯವನ್ನು ಅರ್ಥ ಮಾಡಿಕೊಳ್ಳಲು ಒಂದು ದೇಶಕ್ಕೆ ಎಂಟು ವರ್ಷ ಏಕೆ ಬೇಕು? ಆದೇಶ ಹೊರಟ ಮೇಲೆಯೂ ಹಳೆಯ ದಾಸ್ತಾನಿನ ಚಿಂತೆಯಿಂದ ಅಂಥ ಪಾನೀಯದ ಕಂಪನಿಯವರು ದೆಹಲಿ ಹೈಕೋರ್ಟಿನ ಬಾಗಿಲು ತಟ್ಟಿದರು. ದಾಸ್ತಾನಿನ ಬಗ್ಗೆ ಇರುವ ಈ ಕಳಕಳಿಯ ಕಾಲುಭಾಗ ಮಕ್ಕಳ ಬಗ್ಗೆ ಇದ್ದಿದ್ದರೆ ಆ ಪೊಟ್ಟಣ ಹುಟ್ಟುತ್ತಲೇ ಇರಲಿಲ್ಲ. ದಾರಿ ತಪ್ಪಿಸುವ ಜಾಹೀರಾತಿಗೆ ಆಹಾರ ಸುರಕ್ಷತಾ ಕಾನೂನಿನಲ್ಲಿರುವ ಗರಿಷ್ಠ ದಂಡ 10 ಲಕ್ಷ ರೂಪಾಯಿ. ಕ್ರಿಕೆಟ್ ಪಂದ್ಯದ ನಡುವೆ ಅದೇ ಜಾಹೀರಾತನ್ನು ತೋರಿಸಲು ತೆರುವ ಹಣದ ಮುಂದೆ ಅದು ಚಿಲ್ಲರೆ.

ಸಕ್ಕರೆ, ಉಪ್ಪು, ಕೊಬ್ಬು ಎಷ್ಟಿದೆ ಎಂದು ಪೊಟ್ಟಣದ ಮುಂಭಾಗದಲ್ಲೇ ಎಚ್ಚರಿಕೆ ಕೊಡುವ ವ್ಯವಸ್ಥೆಯೂ ಬರಲಿದೆ ಎಂದು ಬಹುಕಾಲದಿಂದ ಕೇಳುತ್ತಿದ್ದೇವೆ. 2022ರ ಸೆಪ್ಟೆಂಬರ್‌ನಲ್ಲಿ ಅದರ ಕರಡು ಬಂತು, ಅದಕ್ಕೆ 14,000 ಅಭಿಪ್ರಾಯಗಳು ಬಂದವು. ತಜ್ಞರ ಸಮಿತಿಯು ಅವನ್ನೆಲ್ಲ ಪರಿಶೀಲಿಸಿ ಶಿಫಾರಸು ಮಾಡಲೆಂದು 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಮೂರು ತಿಂಗಳು ಕೊಟ್ಟಿತು, ಜುಲೈನಲ್ಲಿ ಇನ್ನೂ ಮೂರು ತಿಂಗಳು ಕೊಟ್ಟಿತು. ಆ ಕರಡಿನಲ್ಲಿ ಎಚ್ಚರಿಕೆಯ ಮಾತಿಲ್ಲ, ಅಂಕ ಕೊಡುವ ಪದ್ಧತಿಯಿದೆ. ಸಕ್ಕರೆ, ಉಪ್ಪಿನಿಂದ ಕಳೆದುಕೊಂಡ ಮಾನವನ್ನು ಸ್ವಲ್ಪ ನಾರಿನಂಶ, ಸ್ವಲ್ಪ ಪ್ರೋಟೀನ್ ಬೆರೆಸಿ ಮರಳಿ ಗಳಿಸಿಕೊಳ್ಳಬಹುದು. ಅಂಕಗಳು ಅರ್ಧ ನಕ್ಷತ್ರದಿಂದ ಆರಂಭವಾಗಿ ಐದು ನಕ್ಷತ್ರದವರೆಗೆ ಹೋಗುತ್ತವೆ. ಸೊನ್ನೆ ಕೊಡಲು ಅದರಲ್ಲಿ ಅವಕಾಶವಿಲ್ಲ.